ಪಿಕಪ್ ವಾಹನದ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತೆಗೆದು ಮ್ಯಾನುಯಲ್ ಗೇರ್‌ಬಾಕ್ಸ್ ಜೋಡಿಸುವುದು: ನಿರ್ಧಾರಕ್ಕೆ ಮುನ್ನ ರೈತರು ತಿಳಿಯಬೇಕಾದ ಅಂಶಗಳು

ಪೀಠಿಕೆ

ತರಕಾರಿ, ಹೂವು, ಶುಂಠಿ, ಅಡಿಕೆ, ಕಾಫಿ ಹಾಗೂ ಗೊಬ್ಬರದ ಸಾಗಾಟಕ್ಕೆ ನಮ್ಮ ರಾಜ್ಯದ ರೈತರು ಬಳಸುವ ಪಿಕಪ್ ವಾಹನಗಳಲ್ಲಿ ಬಹುಪಾಲು ಮ್ಯಾನುಯಲ್ ಗೇರ್ ಉಳ್ಳವೇ ಆಗಿವೆ. ಆದರೆ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, 2022ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಟೊಯೊಟಾ ಹೈಲಕ್ಸ್ ಮೊದಲಾದ ವಾಹನಗಳು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಸಹಿತವೂ ಮಾರಾಟವಾಗಿವೆ. ತೋಟದ ಕೆಲಸಕ್ಕೆ ಇಂತಹ ವಾಹನವನ್ನು ಇಟ್ಟುಕೊಂಡಿರುವವರಿಗೆ, ಬಳಸಿದ ವಾಹನವನ್ನು ಕೊಂಡವರಿಗೆ, ಗೇರ್‌ಬಾಕ್ಸ್ ಕೆಟ್ಟಾಗ ದುರಸ್ತಿಯ ವೆಚ್ಚ ಭಾರವಾಗಿ ತೋರುತ್ತದೆ. ಕೊಯ್ಲಿನ ಕಾಲದಲ್ಲಿ ವಾಹನ ನಿಂತರಂತೂ ಚಿಂತೆ ಇಮ್ಮಡಿಯಾಗುತ್ತದೆ. ಆ ಹೊತ್ತಿನಲ್ಲಿ "ಅದನ್ನು ತೆಗೆದು ಮ್ಯಾನುಯಲ್ ಗೇರ್ ಹಾಕಿಸಿಬಿಡಿ" ಎಂಬ ಸಲಹೆ ಸುಲಭವಾಗಿ ಕೇಳಿಬರುತ್ತದೆ.

ಟ್ರ್ಯಾಕ್ಟರಿನ ಕ್ಲಚ್ ಪ್ಲೇಟನ್ನು ಬದಲಿಸಿದ ಅನುಭವವುಳ್ಳ ರೈತರಿಗೆ ಇದು ಅಂತಹುದೇ ಇನ್ನೊಂದು ಕೆಲಸವೆಂದು ತೋರುವುದು ಸಹಜ. ವಾಸ್ತವದಲ್ಲಿ ಹಾಗಿಲ್ಲ. ಇದು ಒಂದು ಭಾಗದ ಬದಲಾವಣೆಯಲ್ಲ. ಎಂಜಿನ್ನಿನ ಹಿಂಬದಿಯಿಂದ ಹಿಡಿದು ಪೆಡಲ್, ವಿದ್ಯುತ್ ತಂತಿಗಳು, ನಿಯಂತ್ರಣ ಘಟಕ ಹಾಗೂ ನೋಂದಣಿ ಪತ್ರದವರೆಗೆ ತಲುಪುವ ಬದಲಾವಣೆ. ಆದ್ದರಿಂದ ಮೊದಲು ದೋಷವನ್ನು ಪತ್ತೆ ಮಾಡಿಸಿರಿ, ಅನಂತರ ದುರಸ್ತಿಯ ವೆಚ್ಚವನ್ನು ತಿಳಿಯಿರಿ. ಪರಿವರ್ತನೆಯನ್ನು ಕೊನೆಯ ಆಯ್ಕೆಯಾಗಿ, ಅದೂ ಲಿಖಿತ ಅನುಮತಿ ದೊರೆತರೆ ಮಾತ್ರ ಪರಿಗಣಿಸಿರಿ ಎಂಬುದೇ ಈ ಲೇಖನದ ಸಲಹೆಯಾಗಿದೆ.

1. ಎರಡು ಬಗೆಯ ಗೇರ್‌ಬಾಕ್ಸ್‌ಗಳ ಕಾರ್ಯವಿಧಾನ

ಮ್ಯಾನುಯಲ್ ವಾಹನದಲ್ಲಿ ಎಂಜಿನ್ನಿನ ಹಿಂಭಾಗಕ್ಕೆ ಭಾರವಾದ ಫ್ಲೈವೀಲ್ ಇರುತ್ತದೆ. ಪ್ರೆಷರ್ ಪ್ಲೇಟ್ ಎಂಬ ಭಾಗವು ಕ್ಲಚ್ ಪ್ಲೇಟನ್ನು ಈ ಫ್ಲೈವೀಲಿಗೆ ಒತ್ತಿ ಹಿಡಿದಾಗ ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸಿಗೆ ಹರಿಯುತ್ತದೆ. ಕ್ಲಚ್ ಪೆಡಲನ್ನು ಒತ್ತಿದಾಗ ಈ ಸಂಪರ್ಕ ಕಡಿಯುತ್ತದೆ.

ಆಟೋಮ್ಯಾಟಿಕ್ ವಾಹನದಲ್ಲಿ ಫ್ಲೈವೀಲಿನ ಬದಲು ಫ್ಲೆಕ್ಸ್ ಪ್ಲೇಟ್ ಎಂಬ ತೆಳುವಾದ ಉಕ್ಕಿನ ತಟ್ಟೆ ಇರುತ್ತದೆ. ಅದಕ್ಕೆ ಟಾರ್ಕ್ ಕನ್ವರ್ಟರ್ ಜೋಡಣೆಯಾಗಿರುತ್ತದೆ. ಇದರೊಳಗಿನ ತೈಲವನ್ನು ಎಂಜಿನ್ ಬದಿಯ ರೆಕ್ಕೆಗಳು ರಭಸದಿಂದ ತಳ್ಳುತ್ತವೆ. ಆ ತೈಲವು ಗೇರ್‌ಬಾಕ್ಸ್ ಬದಿಯ ರೆಕ್ಕೆಗಳನ್ನು ತಿರುಗಿಸುತ್ತದೆ. ನಿಂತ ವಾಹನವು ಹೊರಡುವ ಕ್ಷಣದಲ್ಲಿ ಟಾರ್ಕ್ ಕನ್ವರ್ಟರ್ ಎಂಜಿನ್ನಿನ ತಿರುಗುಬಲವನ್ನು ಸುಮಾರು 2 ಪಟ್ಟು ಹೆಚ್ಚಿಸಿ ಕೊಡಬಲ್ಲದು. ಹೇರು ತುಂಬಿದ ವಾಹನವು ಏರಿನಲ್ಲಿ ಎಳೆತವಿಲ್ಲದೆ ಹೊರಡಲು ಇದೇ ಕಾರಣ. ಮ್ಯಾನುಯಲ್ ವಾಹನದಲ್ಲಿ ಈ ಅನುಕೂಲವಿಲ್ಲ. ಅದೇ ಏರಿನಲ್ಲಿ ಚಾಲಕನು ಕ್ಲಚ್ಚನ್ನು ಸ್ವಲ್ಪ ಜಾರಿಸಿಯೇ ಹೊರಡಬೇಕಾಗುತ್ತದೆ ಮತ್ತು ಆ ಜಾರುವಿಕೆಯ ಬಿಸಿಯನ್ನು ಕ್ಲಚ್ ಪ್ಲೇಟ್ ತಾಳಿಕೊಳ್ಳಬೇಕಾಗುತ್ತದೆ.

2. ಗೇರ್‌ಬಾಕ್ಸ್ ನಿಜವಾಗಿಯೂ ಕೆಟ್ಟಿದೆಯೇ? ಮೊದಲು ಪರೀಕ್ಷಿಸಿರಿ

ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಸರಿಯಾಗಿ ಕೆಲಸ ಮಾಡದಿದ್ದ ಮಾತ್ರಕ್ಕೆ ಅದರ ಒಳಭಾಗಗಳು ಸವೆದಿವೆ ಎಂದು ತೀರ್ಮಾನಿಸಬಾರದು. ಕೆಳಕಂಡ ಪರೀಕ್ಷೆಗಳನ್ನು ಕ್ರಮವಾಗಿ ಮಾಡಿಸಿರಿ.

ಅ) ಬ್ಯಾಟರಿ ಮತ್ತು ತಂತಿಗಳು: ಗೇರ್ ಬದಲಾವಣೆಯನ್ನು ವಿದ್ಯುನ್ಮಾನ ನಿಯಂತ್ರಣ ಘಟಕವು ನಡೆಸುತ್ತದೆ. ಬ್ಯಾಟರಿ ದುರ್ಬಲವಾಗಿದ್ದರೆ, ತಂತಿ ತುಂಡಾಗಿದ್ದರೆ ಅಥವಾ ಸೆನ್ಸರ್ ಕೆಟ್ಟಿದ್ದರೆ ಆ ಘಟಕವು ಗೇರ್‌ಬಾಕ್ಸನ್ನು ರಕ್ಷಿಸಲು ಒಂದೇ ಗೇರಿನಲ್ಲಿ ನಿಲ್ಲಿಸಿಬಿಡುತ್ತದೆ. ಆಗ ವಾಹನ ನಿಧಾನವಾಗಿ ಎಳೆಯುತ್ತದೆ, ಗೇರ್ ಬದಲಾಗುವುದಿಲ್ಲ. ಹುಲ್ಲು, ಹಿಂಡಿ, ಧಾನ್ಯ ಇರುವ ಕೊಟ್ಟಿಗೆಯ ಬಳಿ ನಿಲ್ಲಿಸುವ ವಾಹನಗಳ ತಂತಿಗಳನ್ನು ಇಲಿಗಳು ಕಡಿಯುವುದು ಸಾಮಾನ್ಯ. ಆದ್ದರಿಂದ ಸ್ಕ್ಯಾನರ್ ಉಪಕರಣದಿಂದ ದೋಷಸಂಕೇತಗಳನ್ನು ಓದಿಸಿ, ತಂತಿಗಳನ್ನು ಕಣ್ಣಾರೆ ನೋಡಿರಿ.

ಆ) ತೈಲದ ಬಣ್ಣ ಮತ್ತು ವಾಸನೆ: ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಹೊಸ ತೈಲವು ಸಾಮಾನ್ಯವಾಗಿ ಕೆಂಪಗಿರುತ್ತದೆ. ತೈಲವು ಕಡುಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತಿದ್ದರೆ ಒಳಗಿನ ಘರ್ಷಣ ತಟ್ಟೆಗಳು ಬೆಂದಿರುವ ಸಂಭವ ಹೆಚ್ಚು. ಹಾಲು ಬೆರೆಸಿದಂತೆ ಕಂಡರೆ ನೀರು ಸೇರಿದೆ ಎಂದು ಅರ್ಥ.

ಇ) ನೀರು ಸೇರಿದ ಮಾರ್ಗ: ಅನೇಕ ವಾಹನಗಳಲ್ಲಿ ಗೇರ್‌ಬಾಕ್ಸಿನ ತೈಲವನ್ನು ರೇಡಿಯೇಟರಿನೊಳಗಿನ ಕೊಳವೆಯ ಮೂಲಕ ತಣಿಸಲಾಗುತ್ತದೆ. ಆ ಕೊಳವೆ ಸೋರಿದರೆ ರೇಡಿಯೇಟರಿನ ನೀರು ತೈಲಕ್ಕೆ ಸೇರುತ್ತದೆ. ಮಳೆಗಾಲದಲ್ಲಿ ಹಳ್ಳ ದಾಟುವಾಗ ಗೇರ್‌ಬಾಕ್ಸಿನ ಗಾಳಿಕೊಳವೆಯ ಮೂಲಕವೂ ನೀರು ಒಳಸೇರಬಹುದು. ಮೂಲವನ್ನು ಸರಿಪಡಿಸದೆ ಕೇವಲ ತೈಲ ಬದಲಿಸಿದರೆ ಪ್ರಯೋಜನವಿಲ್ಲ.

ಈ) ತಳದ ತಟ್ಟೆಯ ಅಯಸ್ಕಾಂತ: ತಳದ ತಟ್ಟೆಯನ್ನು ಬಿಚ್ಚಿದಾಗ ಅಯಸ್ಕಾಂತಕ್ಕೆ ಅಂಟಿದ ಬೂದುಬಣ್ಣದ ನಯವಾದ ಲೇಪ ಸಹಜವಾದುದು. ಲೋಹದ ಚೂರುಗಳು, ಸಿಪ್ಪೆಗಳು ಕಂಡರೆ ಒಳಭಾಗ ಹಾನಿಗೊಂಡಿದೆ.

ಈ ಪರೀಕ್ಷೆಗಳ ಫಲಿತಾಂಶವನ್ನು ಬರೆಯಿಸಿಕೊಂಡು, ಸಾಧ್ಯವಾದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಲ್ಲ ಇನ್ನೊಂದು ಗ್ಯಾರೇಜಿನಲ್ಲಿ ಎರಡನೆಯ ಅಭಿಪ್ರಾಯ ಪಡೆಯಿರಿ.

ಎಚ್ಚರಿಕೆ: ಕೆಟ್ಟ ಆಟೋಮ್ಯಾಟಿಕ್ ವಾಹನವನ್ನು ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆಯಿಸಬೇಡಿರಿ. ಎಂಜಿನ್ ನಿಂತಿರುವಾಗ ಗೇರ್‌ಬಾಕ್ಸಿನ ತೈಲ ಪಂಪು ತಿರುಗುವುದಿಲ್ಲ; ಚಕ್ರಗಳು ಉರುಳಿದರೆ ಒಳಭಾಗಗಳು ತೈಲವಿಲ್ಲದೆ ಸವೆದು, ಸಣ್ಣ ದೋಷವೂ ದೊಡ್ಡದಾಗುತ್ತದೆ. ಎಲ್ಲ ಚಕ್ರಗಳೂ ನೆಲ ಬಿಟ್ಟಿರುವಂತೆ ಬೇರೊಂದು ವಾಹನದ ಮೇಲೆ ಹೇರಿ ಸಾಗಿಸಿರಿ.

3. ಪರಿವರ್ತನೆಗೆ ಬೇಕಾಗುವ ಭಾಗಗಳು

ಪರಿವರ್ತನೆ ಮಾಡಲೇಬೇಕೆಂದಿದ್ದರೆ, ಅದೇ ಮಾದರಿಯ, ಅದೇ ಎಂಜಿನ್ನಿನ ಮ್ಯಾನುಯಲ್ ವಾಹನವನ್ನು ತಯಾರಕರು ಮಾರಿದ್ದಾರೆಯೇ ಎಂಬುದನ್ನು ಮೊದಲು ತಿಳಿಯಿರಿ. ಮಾರಿರದಿದ್ದರೆ ಈ ಯೋಚನೆಯನ್ನು ಅಲ್ಲಿಗೇ ಕೈಬಿಡುವುದು ಉತ್ತಮ. ಮಾರಿದ್ದರೆ ಕೆಳಗಿನ ಎಲ್ಲ ಭಾಗಗಳೂ ಅದೇ ಮಾದರಿಯವೇ ಆಗಿರಬೇಕು.

• ಗೇರ್‌ಬಾಕ್ಸ್, ಅದರ ಗಂಟೆಯಾಕಾರದ ಮುಂಕವಚ ಮತ್ತು ಗೇರ್ ಲಿವರ್
• ಫ್ಲೈವೀಲ್ ಹಾಗೂ ಅದಕ್ಕೇ ಮೀಸಲಾದ ಬೋಲ್ಟುಗಳು
• ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್
• ಕ್ಲಚ್ ಪೆಡಲ್, ಮ್ಯಾನುಯಲ್ ಮಾದರಿಯ ಕಿರಿದಾದ ಬ್ರೇಕ್ ಪೆಡಲ್, ಮಾಸ್ಟರ್ ಸಿಲಿಂಡರ್, ಸ್ಲೇವ್ ಸಿಲಿಂಡರ್ ಮತ್ತು ಕೊಳವೆಗಳು
• ಗೇರ್‌ಬಾಕ್ಸನ್ನು ಹೊರುವ ಅಡ್ಡಪಟ್ಟಿ ಮತ್ತು ರಬ್ಬರ್ ಮೌಂಟ್
• ತಕ್ಕ ಉದ್ದದ ಪ್ರೊಪೆಲ್ಲರ್ ಶಾಫ್ಟ್. ನಾಲ್ಕು ಚಕ್ರ ಚಾಲನೆಯ ವಾಹನವಾದರೆ ಹೊಂದುವ ಟ್ರಾನ್ಸ್‌ಫರ್ ಕೇಸ್
• ಎಂಜಿನ್ ನಿಯಂತ್ರಣ ಘಟಕ ಅಥವಾ ಅದರ ಮ್ಯಾನುಯಲ್ ಮಾದರಿಯ ತಂತ್ರಾಂಶ, ತಂತಿಜಾಲ ಮತ್ತು ಸ್ವಿಚ್ಚುಗಳು

ಇವುಗಳಲ್ಲಿ ಎರಡು ಅಂಶಗಳನ್ನು ವಿಶೇಷವಾಗಿ ಗಮನಿಸಬೇಕು.

ಮೊದಲನೆಯದು ಕ್ರ್ಯಾಂಕ್‌ಶಾಫ್ಟಿನ ಹಿಂತುದಿ. ಮ್ಯಾನುಯಲ್ ಗೇರ್‌ಬಾಕ್ಸಿನ ಮುಂದಿನ ಶಾಫ್ಟ್ ಅನೇಕ ವಾಹನಗಳಲ್ಲಿ ಇಲ್ಲಿರುವ ಪೈಲಟ್ ಬೇರಿಂಗಿನಲ್ಲಿ ಕೂರುತ್ತದೆ. ಕೆಲವು ಆಟೋಮ್ಯಾಟಿಕ್ ಎಂಜಿನ್ನುಗಳ ಕ್ರ್ಯಾಂಕ್‌ಶಾಫ್ಟಿನಲ್ಲಿ ಆ ಬೇರಿಂಗಿಗೆ ರಂಧ್ರವನ್ನೇ ಕೊರೆದಿರುವುದಿಲ್ಲ. ಇದನ್ನು ಹಳೆಯ ಗೇರ್‌ಬಾಕ್ಸ್ ಇಳಿಸಿದ ಮೇಲೆ ಕಂಡುಕೊಂಡರೆ ತಡವಾಗುತ್ತದೆ.

ಎರಡನೆಯದು ಎಂಜಿನ್ನಿನ ಹೊಂದಾಣಿಕೆ. ಭಾರತದಲ್ಲಿ ಮಾರಾಟವಾಗುವ ಹೈಲಕ್ಸ್ ವಾಹನದ 2.8 ಲೀಟರ್ ಡೀಸೆಲ್ ಎಂಜಿನ್ ಮ್ಯಾನುಯಲ್ ಮಾದರಿಯಲ್ಲಿ 420 ನ್ಯೂಟನ್ ಮೀಟರ್ ತಿರುಗುಬಲವನ್ನು ಕೊಟ್ಟರೆ, ಆಟೋಮ್ಯಾಟಿಕ್ ಮಾದರಿಯಲ್ಲಿ 500 ನ್ಯೂಟನ್ ಮೀಟರ್ ಕೊಡುತ್ತದೆ. ಎಂಜಿನ್ ಒಂದೇ ಆದರೂ ತಯಾರಕರು ಗೇರ್‌ಬಾಕ್ಸಿಗೆ ತಕ್ಕಂತೆ ಅದನ್ನು ಹೊಂದಿಸಿರುವುದು ಇದರಿಂದ ಸ್ಪಷ್ಟವಾಗುತ್ತದೆ. ಆಟೋಮ್ಯಾಟಿಕ್ ಮಾದರಿಯ ನಿಯಂತ್ರಣ ಘಟಕವನ್ನು ಹಾಗೆಯೇ ಉಳಿಸಿ ಮ್ಯಾನುಯಲ್ ಗೇರ್‌ಬಾಕ್ಸ್ ಜೋಡಿಸಿದರೆ, ಕ್ಲಚ್ ಮತ್ತು ಗೇರುಗಳ ಮೇಲೆ ಅವುಗಳಿಗೆ ನಿಗದಿಯಾದುದಕ್ಕಿಂತ ಹೆಚ್ಚಿನ ಬಲ ಬೀಳುತ್ತದೆ. ಜೊತೆಗೆ, ಇಲ್ಲದ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಹುಡುಕುವ ಘಟಕವು ದೋಷದೀಪವನ್ನು ಬೆಳಗಿಸಿ ಎಂಜಿನ್ನಿನ ಶಕ್ತಿಯನ್ನೇ ಕುಗ್ಗಿಸಬಹುದು.

4. ಕೆಲಸದ ಕ್ರಮ

ಈ ಕೆಲಸವನ್ನು ರೈತರು ಸ್ವತಃ ಮಾಡಬೇಕೆಂದು ಇಲ್ಲಿ ಸೂಚಿಸುತ್ತಿಲ್ಲ. ಗ್ಯಾರೇಜಿನಲ್ಲಿ ನಡೆಯುವ ಕೆಲಸವನ್ನು ನೀವು ಅರಿತು ಪರಿಶೀಲಿಸುವಂತಾಗಲಿ ಎಂಬ ಉದ್ದೇಶದಿಂದ ಕ್ರಮವನ್ನು ಕೊಡಲಾಗಿದೆ.

1) ಬ್ಯಾಟರಿಯ ಸಂಪರ್ಕ ತೆಗೆದು, ವಾಹನವನ್ನು ಗಟ್ಟಿಯಾದ ಆಧಾರ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು. ಕೇವಲ ಜಾಕಿನ ಮೇಲೆ ನಿಂತ ವಾಹನದ ಕೆಳಗೆ ಯಾರೂ ಹೋಗಬಾರದು. ಗೇರ್‌ಬಾಕ್ಸ್ ಇಳಿಸಲು ಅದಕ್ಕೆಂದೇ ಇರುವ ಜಾಕನ್ನು ಬಳಸಬೇಕು.
2) ಪ್ರೊಪೆಲ್ಲರ್ ಶಾಫ್ಟ್, ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಟಾರ್ಕ್ ಕನ್ವರ್ಟರ್ ಮತ್ತು ಫ್ಲೆಕ್ಸ್ ಪ್ಲೇಟನ್ನು ತೆಗೆಯಬೇಕು. ರೇಡಿಯೇಟರಿಗೆ ಹೋಗುವ ತೈಲ ಕೊಳವೆಗಳನ್ನು ಬಿಚ್ಚಿ, ಅವುಗಳ ಬಾಯಿಗಳನ್ನು ಭದ್ರವಾಗಿ ಮುಚ್ಚಬೇಕು.
3) ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲನ್ನು ಇದೇ ಸಮಯದಲ್ಲಿ ಬದಲಿಸುವುದು ಲೇಸು. ಅದು ಮುಂದೆ ಸೋರಿದರೆ ಹೊಸ ಕ್ಲಚ್ ಪ್ಲೇಟಿಗೆ ಎಣ್ಣೆ ತಗುಲಿ ಮತ್ತೆ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ.
4) ಪೈಲಟ್ ಬೇರಿಂಗ್ ಕೂರಿಸಿ, ಫ್ಲೈವೀಲನ್ನು ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಫ್ಲೆಕ್ಸ್ ಪ್ಲೇಟಿನ ಹಳೆಯ ಬೋಲ್ಟುಗಳನ್ನು ಬಳಸಬಾರದು. ಅವುಗಳ ಉದ್ದ ಬೇರೆಯಾಗಿರುತ್ತದೆ.
5) ಕ್ಲಚ್ ಪ್ಲೇಟನ್ನು ನಡುವಿಗೆ ಹೊಂದಿಸಿ ಗೇರ್‌ಬಾಕ್ಸ್ ಏರಿಸಬೇಕು. ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಹೊಂದಾಣಿಕೆ ಪಿನ್ನುಗಳು ಸ್ಥಾನದಲ್ಲಿರಬೇಕು. ಬೋಲ್ಟು ಬಿಗಿದು ಗೇರ್‌ಬಾಕ್ಸನ್ನು ಒಳಕ್ಕೆ ಎಳೆದುಕೊಳ್ಳುವ ರೂಢಿ ತಪ್ಪು.
6) ಪೆಡಲುಗಳನ್ನು ಜೋಡಿಸಿ, ಕ್ಲಚ್ಚಿನ ಕೊಳವೆಗಳಿಂದ ಗಾಳಿಯನ್ನು ಪೂರ್ಣ ಹೊರತೆಗೆಯಬೇಕು. ಬ್ರೇಕ್ ಪೆಡಲ್ ಬದಲಾಗಿರುವುದರಿಂದ ಬ್ರೇಕಿನ ಪರೀಕ್ಷೆಯೂ ಕಡ್ಡಾಯ.
7) ಗೇರ್‌ಬಾಕ್ಸಿಗೆ ಕೈಪಿಡಿಯಲ್ಲಿ ಹೇಳಿದ ದರ್ಜೆಯ ತೈಲವನ್ನೇ ತುಂಬಬೇಕು. ಹಿಂಬದಿ ಆಕ್ಸಲಿನ ತೈಲವನ್ನು ಇಲ್ಲಿ ಬಳಸಿದರೆ ಗೇರ್‌ಬಾಕ್ಸಿನೊಳಗಿನ ಹಿತ್ತಾಳೆಯ ಸಿಂಕ್ರೊನೈಸರ್ ಬಳೆಗಳು ಹಾಳಾಗಬಹುದು.

ಸ್ಟಾರ್ಟರ್ ಸ್ವಿಚ್ಚಿನ ಬಗ್ಗೆ ವಿಶೇಷ ಎಚ್ಚರಿಕೆ: ಆಟೋಮ್ಯಾಟಿಕ್ ವಾಹನವು ಪಾರ್ಕ್ ಅಥವಾ ನ್ಯೂಟ್ರಲ್ ಸ್ಥಾನದಲ್ಲಿ ಮಾತ್ರ ಸ್ಟಾರ್ಟ್ ಆಗುತ್ತದೆ. ಪರಿವರ್ತನೆಯ ನಂತರ ಸ್ಟಾರ್ಟ್ ಆಗದಿದ್ದಾಗ ಈ ಸ್ವಿಚ್ಚಿನ ಎರಡು ತಂತಿಗಳನ್ನು ನೇರವಾಗಿ ಜೋಡಿಸಿಬಿಡುವ ಅಡ್ಡದಾರಿ ಇದೆ. ಆಗ ವಾಹನ ಗೇರಿನಲ್ಲಿದ್ದರೂ ಕೀಲಿ ತಿರುಗಿಸಿದೊಡನೆ ಮುನ್ನುಗ್ಗುತ್ತದೆ. ಅಂಗಳದಲ್ಲಿ ಮಕ್ಕಳು, ದನಕರುಗಳು ಓಡಾಡುವ ಮನೆಗಳಲ್ಲಿ ಇದು ಪ್ರಾಣಾಪಾಯಕ್ಕೆ ದಾರಿ. ಕ್ಲಚ್ ಪೂರ್ಣ ಒತ್ತಿದಾಗ ಮಾತ್ರ ಸ್ಟಾರ್ಟ್ ಆಗುವಂತೆ ಕ್ಲಚ್ ಸ್ವಿಚ್ಚನ್ನು ಹಾಕಿಸಲೇಬೇಕು. ಹಿಂಚಲನೆಯ ದೀಪವೂ ಸರಿಯಾಗಿ ಬೆಳಗುವುದನ್ನು ಖಚಿತಪಡಿಸಿಕೊಳ್ಳಿರಿ.

5. ಕಾನೂನು, ವಿಮೆ ಮತ್ತು ಸಾಲ

1988ರ ಮೋಟಾರು ವಾಹನಗಳ ಕಾಯ್ದೆಯ ಕಲಂ 52ರ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಲು ಮಾಲೀಕರಿಗೆ ಅವಕಾಶವಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದ ಪ್ರಕರಣವೊಂದರಲ್ಲಿ ಈ ನಿಯಮವನ್ನು ಎತ್ತಿಹಿಡಿದಿದೆ. ಅದೇ ವರ್ಷ ತಿದ್ದುಪಡಿಯಾದ ಕಲಂ 182ಎ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ 6 ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಅನುಮೋದಿತ ಸಿ.ಎನ್.ಜಿ. ಅಥವಾ ಎಲ್.ಪಿ.ಜಿ. ಕಿಟ್ ಅಳವಡಿಕೆಗೆ ಕಾಯ್ದೆಯಲ್ಲಿಯೇ ಪ್ರತ್ಯೇಕ ಅವಕಾಶವಿದೆ. ಆ ಅವಕಾಶವು ಇಂಧನ ಬದಲಾವಣೆಗೆ ಸಂಬಂಧಿಸಿದ್ದು. ಅದನ್ನು ಗೇರ್‌ಬಾಕ್ಸ್ ಪರಿವರ್ತನೆಗೂ ಅನ್ವಯಿಸುತ್ತದೆಂದು ಭಾವಿಸಬಾರದು. ಆದ್ದರಿಂದ ಹಣ ಕೊಡುವ ಮುನ್ನ ಈ ಕೆಳಗಿನ ಕ್ರಮಗಳನ್ನು ಕೈಗೊಳ್ಳಿರಿ.

• ವಾಹನದ ಮಾದರಿ, ಎಂಜಿನ್ ಮತ್ತು ಚಾಸಿಸ್ ಸಂಖ್ಯೆ, ಉದ್ದೇಶಿತ ಬದಲಾವಣೆಯ ವಿವರಗಳೊಂದಿಗೆ ಪ್ರಾದೇಶಿಕ ಸಾರಿಗೆ ಅಧಿಕಾರಿಯವರಿಗೆ ಅರ್ಜಿ ಸಲ್ಲಿಸಿ, ಲಿಖಿತ ಉತ್ತರ ಪಡೆಯಿರಿ. ಬಾಯಿಮಾತಿನ ಒಪ್ಪಿಗೆಯನ್ನು ನೆಚ್ಚಬೇಡಿರಿ.
• ವಿಮಾ ಸಂಸ್ಥೆಗೆ ಲಿಖಿತವಾಗಿ ತಿಳಿಸಿ, ಒಪ್ಪಿಗೆಯನ್ನು ಪಾಲಿಸಿಯಲ್ಲಿ ನಮೂದಿಸಿಕೊಳ್ಳಿರಿ. ತಿಳಿಸದ ಮಾರ್ಪಾಡು ಅಪಘಾತದ ನಂತರ ಪರಿಹಾರ ನಿರಾಕರಣೆಗೆ ಅಥವಾ ಕಡಿತಕ್ಕೆ ಆಸ್ಪದ ಕೊಡುತ್ತದೆ.
• ವಾಹನದ ಮೇಲೆ ಸಾಲವಿದ್ದರೆ ಬ್ಯಾಂಕಿನ ಅಥವಾ ಹಣಕಾಸು ಸಂಸ್ಥೆಯ ಲಿಖಿತ ಸಮ್ಮತಿ ಪಡೆಯಿರಿ.
• ವಾರಂಟಿ ಅವಧಿ ಮುಗಿಯದಿದ್ದರೆ ಪರಿವರ್ತನೆಯ ಮಾತೇ ಬೇಡ; ದುರಸ್ತಿಯ ಬೇಡಿಕೆಯನ್ನು ಮಾರಾಟಗಾರರಿಗೆ ಸಲ್ಲಿಸಿರಿ.
• ಗುಜರಿಯಿಂದ ಗೇರ್‌ಬಾಕ್ಸ್ ಕೊಳ್ಳುವುದಾದರೆ ರಸೀದಿ ಹಾಗೂ ಮೂಲ ವಾಹನದ ದಾಖಲೆಗಳ ಪ್ರತಿ ಪಡೆಯಿರಿ. ಕಳವಾದ ವಾಹನದ ಭಾಗವೆಂದು ತಿಳಿದುಬಂದರೆ ಕೊಂಡವರೂ ತೊಂದರೆಗೆ ಒಳಗಾಗುತ್ತಾರೆ.

ಲಿಖಿತ ಅನುಮತಿ ದೊರೆಯದಿದ್ದರೆ ಪರಿವರ್ತನೆಯನ್ನು ಕೈಬಿಡಬೇಕು.

6. ಆಯ್ಕೆಗಳ ಹೋಲಿಕೆ

ಒಂದು ಹಾಳೆಯಲ್ಲಿ ನಾಲ್ಕು ಕಲಂಗಳನ್ನು ಮಾಡಿಕೊಳ್ಳಿರಿ: ದೋಷವಿರುವ ಭಾಗದ ದುರಸ್ತಿ, ಅದೇ ಬಗೆಯ ಇನ್ನೊಂದು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಅಳವಡಿಕೆ, ಮ್ಯಾನುಯಲ್ ಪರಿವರ್ತನೆ, ಇದ್ದ ಸ್ಥಿತಿಯಲ್ಲಿ ಮಾರಿ ಮ್ಯಾನುಯಲ್ ಪಿಕಪ್ ಖರೀದಿ. ಪ್ರತಿಯೊಂದರ ಕೆಳಗೆ ಭಾಗಗಳ ಬೆಲೆ, ಕೂಲಿ, ಸಾಗಾಟದ ಖರ್ಚು, ವಾಹನ ನಿಂತಿರುವ ದಿನಗಳಲ್ಲಿ ತೆರಬೇಕಾದ ಬಾಡಿಗೆ ಹಾಗೂ ಮುಂದೆ ಮಾರಿದಾಗ ಸಿಗಬಹುದಾದ ಬೆಲೆಯನ್ನು ಬರೆಯಿರಿ.

ಪರಿವರ್ತನೆಯ ಕಲಂನಲ್ಲಿ ಎರಡು ವಿಷಯಗಳು ಮರೆತುಹೋಗುತ್ತವೆ. ಬಿಡಿಭಾಗಗಳು ಒಂದೊಂದಾಗಿ ಬರುವುದರಿಂದ ವಾಹನವು ಗ್ಯಾರೇಜಿನಲ್ಲಿ ಊಹಿಸಿದ್ದಕ್ಕಿಂತ ಹೆಚ್ಚು ದಿನ ನಿಲ್ಲುತ್ತದೆ. ಮಾರ್ಪಡಿಸಿದ ವಾಹನಕ್ಕೆ ಕೊಳ್ಳುವವರು ಕಡಿಮೆ. ಇವೆರಡನ್ನೂ ಸೇರಿಸಿದಾಗ, ಮೊದಲು ಅಗ್ಗವೆಂದು ಕಂಡ ಪರಿವರ್ತನೆಯು ಅನೇಕ ವೇಳೆ ದುಬಾರಿಯಾಗುತ್ತದೆ.

ವಾಹನವನ್ನು ಯಾರು ಓಡಿಸುತ್ತಾರೆ ಎಂಬುದೂ ಮುಖ್ಯ. ಮೊಣಕಾಲು ನೋವಿರುವ ಹಿರಿಯರು ಅಥವಾ ಎಡಗಾಲಿನಲ್ಲಿ ಬಲವಿಲ್ಲದವರು ಮನೆಯಲ್ಲಿದ್ದರೆ, ಅವರು ಸ್ವತಂತ್ರವಾಗಿ ಮಾರುಕಟ್ಟೆಗೆ ಹೋಗಿಬರಲು ಆಟೋಮ್ಯಾಟಿಕ್ ವಾಹನವೇ ಆಧಾರವಾಗಿರಬಹುದು. ಅಂಥವರನ್ನು ಕೇಳದೆ ತೀರ್ಮಾನಿಸಬೇಡಿರಿ.

7. ಮ್ಯಾನುಯಲ್ ವಾಹನಕ್ಕೆ ಬಂದ ಮೇಲೆ ಪಾಲಿಸಬೇಕಾದ ಕ್ರಮಗಳು

ಅನುಮತಿಯೊಂದಿಗೆ ಪರಿವರ್ತಿಸಿದವರಿಗೂ, ಆಟೋಮ್ಯಾಟಿಕ್ ವಾಹನವನ್ನು ಮಾರಿ ಮ್ಯಾನುಯಲ್ ಪಿಕಪ್ ಕೊಂಡವರಿಗೂ ಈ ಸೂಚನೆಗಳು ಅನ್ವಯಿಸುತ್ತವೆ.

• ನಿಲ್ಲಿಸುವಾಗ: ಮ್ಯಾನುಯಲ್ ವಾಹನದಲ್ಲಿ ಪಾರ್ಕ್ ಎಂಬ ಸ್ಥಾನವಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ವಾಹನದ ಮುಖ ಏರಿನ ಕಡೆಗಿದ್ದರೆ ಮೊದಲ ಗೇರಿನಲ್ಲಿ, ಇಳಿಜಾರಿನ ಕಡೆಗಿದ್ದರೆ ರಿವರ್ಸ್ ಗೇರಿನಲ್ಲಿ ನಿಲ್ಲಿಸಿರಿ. ಹೇರು ತುಂಬುವಾಗ ಚಕ್ರಕ್ಕೆ ಮರದ ತಡೆಗಟ್ಟೆಯನ್ನೂ ಇಡಿರಿ.
• ಏರಿನಲ್ಲಿ ಹೊರಡುವಾಗ: ಹ್ಯಾಂಡ್‌ಬ್ರೇಕ್ ಹಿಡಿದು, ಕ್ಲಚ್ ಎಳೆತ ಸಿಕ್ಕ ಮೇಲೆ ಬ್ರೇಕ್ ಸಡಿಲಿಸಿರಿ. ಹಾಫ್ ಕ್ಲಚ್ಚಿನಲ್ಲಿ ವಾಹನವನ್ನು ನಿಲ್ಲಿಸಿಕೊಂಡಿರಬೇಡಿರಿ. ತೋಟದ ಕಡಿದಾದ ದಾರಿಯಲ್ಲಿ, ಸೌಲಭ್ಯವಿದ್ದರೆ, ನಾಲ್ಕು ಚಕ್ರ ಚಾಲನೆಯ ಕಡಿಮೆ ವೇಗದ ಗೇರನ್ನು ಬಳಸಿರಿ.
• ಘಾಟಿ ಇಳಿಯುವಾಗ: ಚಾರ್ಮಾಡಿ, ಆಗುಂಬೆ, ಶಿರಾಡಿ ಅಥವಾ ಮಡಿಕೇರಿ–ಸಂಪಾಜೆ ದಾರಿಯಲ್ಲಿ ಹೇರಿನೊಂದಿಗೆ ಇಳಿಯುವಾಗ, ಅದೇ ದಾರಿಯನ್ನು ಏರಲು ಬೇಕಾಗುವಷ್ಟು ಕೆಳಗಿನ ಗೇರಿನಲ್ಲಿಯೇ ಇಳಿಯಿರಿ. ಕ್ಲಚ್ ಒತ್ತಿಕೊಂಡು ಅಥವಾ ನ್ಯೂಟ್ರಲಿನಲ್ಲಿ ಇಳಿದರೆ ಎಂಜಿನ್ನಿನ ಹಿಡಿತ ತಪ್ಪಿ, ಬ್ರೇಕುಗಳು ಕಾದು ಹಿಡಿಯದಂತಾಗುತ್ತವೆ.
• ಹೊಸ ಕ್ಲಚ್: ಮೊದಲ ಕೆಲವು ನೂರು ಕಿಲೋಮೀಟರುಗಳವರೆಗೆ ಪೂರ್ಣ ಹೇರು ಬೇಡ. ಸುಟ್ಟ ವಾಸನೆ, ಗೇರ್ ಬೀಳುವಾಗ ಕರಕರ ಸದ್ದು, ಪೆಡಲ್ ತಳಕ್ಕೆ ಕುಸಿಯುವುದು ಕಂಡರೆ ಕೂಡಲೇ ತೋರಿಸಿರಿ.

8. ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ರೈತರು ಈ ಬಗ್ಗೆ ವಿಚಾರಿಸಿದಾಗ ಬೆಲೆಯ ಚರ್ಚೆಯಿಂದ ಆರಂಭಿಸಬೇಡಿರಿ. ದೋಷಸಂಕೇತಗಳನ್ನು ಓದಿಸಲಾಗಿದೆಯೇ, ತೈಲವನ್ನು ನೋಡಲಾಗಿದೆಯೇ, ನೋಂದಣಿ ಪತ್ರ, ವಿಮೆ ಮತ್ತು ಸಾಲದ ಸ್ಥಿತಿ ಏನು ಎಂಬ ಪ್ರಶ್ನೆಗಳನ್ನು ಮೊದಲು ಕೇಳಿರಿ. ಕೊಯ್ಲಿನ ಕಾಲವಾಗಿದ್ದರೆ, ಅವಸರದ ನಿರ್ಧಾರ ತಪ್ಪಿಸಲು ಬಾಡಿಗೆ ವಾಹನ ಅಥವಾ ನೆರೆಯ ರೈತರೊಂದಿಗೆ ಜಂಟಿ ಸಾಗಾಟದ ವ್ಯವಸ್ಥೆಗೆ ನೆರವಾಗಿರಿ. ಬಳಸಿದ ಆಟೋಮ್ಯಾಟಿಕ್ ಪಿಕಪ್ ಕೊಳ್ಳಲು ಹೊರಟವರಿಗೆ, ಖರೀದಿಗೆ ಮುನ್ನವೇ 2ನೇ ಭಾಗದ ಪರೀಕ್ಷೆಗಳನ್ನು ಮಾಡಿಸಲು ತಿಳಿಸಿರಿ.

ನೆನಪಿಡಬೇಕಾದ ಅಂಶಗಳು

• ಗೇರ್ ಬದಲಾಗದಿರುವುದಕ್ಕೆ ಇಲಿ ಕಡಿದ ತಂತಿಯೂ ಕಾರಣವಾಗಿರಬಹುದು. ಮೊದಲು ಪರೀಕ್ಷೆ, ಅನಂತರ ತೀರ್ಮಾನ.
• ಪರಿವರ್ತನೆಯೆಂದರೆ ಗೇರ್‌ಬಾಕ್ಸ್ ಮಾತ್ರವಲ್ಲ. ಕ್ಲಚ್, ಪೆಡಲ್, ಶಾಫ್ಟ್, ನಿಯಂತ್ರಣ ಘಟಕ ಎಲ್ಲವೂ ಬದಲಾಗಬೇಕು.
• ಸಾರಿಗೆ ಅಧಿಕಾರಿ ಮತ್ತು ವಿಮಾ ಸಂಸ್ಥೆಯ ಲಿಖಿತ ಒಪ್ಪಿಗೆ ಇಲ್ಲದೆ ಕೆಲಸ ಆರಂಭಿಸಬಾರದು.
• ಸ್ಟಾರ್ಟರ್ ಸ್ವಿಚ್ಚಿನ ತಂತಿಗಳನ್ನು ನೇರ ಜೋಡಿಸಲು ಎಂದಿಗೂ ಒಪ್ಪಬಾರದು.
• ಬಹುತೇಕ ರೈತರಿಗೆ ದುರಸ್ತಿ, ಇಲ್ಲವೇ ಮಾರಿ ಮ್ಯಾನುಯಲ್ ಪಿಕಪ್ ಕೊಳ್ಳುವುದೇ ಕ್ಷೇಮಕರ ಹಾಗೂ ಮಿತವ್ಯಯದ ದಾರಿಯಾಗಿದೆ.